ಕೈಯಲ್ಲಿ ಒತ್ತುವ ಎದೆಹಾಲಿನ ಪಂಪು: ಒಂದು ಮಳೆಗಾಲ ಪೂರ್ತಿ ಬಳಸಿದ ಮೇಲೆ

ಜೂನ್‌ನಿಂದ ಇದನ್ನು ದಿನಾ ಬಳಸುತ್ತಿದ್ದೇನೆ. ಬ್ಯಾಟರಿ ಇಲ್ಲ, ವೈರ್ ಇಲ್ಲ. ಹಿಡಿ ಒತ್ತಿ ಬಿಟ್ಟರೆ ಹಾಲು ಎಳೆಯುವ ಸಾದಾ ಪಂಪು, 1,150 ರೂಪಾಯಿ ಆಯಿತು. ಮೊದಲು ಕರೆಂಟಿನದ್ದೇ ತಗೊಳ್ಳೋಣ ಅಂತಿದ್ದೆ. ಆದರೆ ನಮ್ಮ ಸೋಮವಾರಪೇಟೆ ಕಡೆ ಮಳೆಗಾಲದಲ್ಲಿ ಲೈನ್ ಮೇಲೆ ಒಂದು ಮರ ಬಿದ್ದರೆ ಸಾಕು, ಎರಡು ದಿನ ಮೂರು ದಿನ ಕರೆಂಟ್ ಇರುವುದಿಲ್ಲ, ಚಾರ್ಜ್ ಎಲ್ಲಿ ಮಾಡಿಕೊಳ್ಳುವುದು? ಹಾಗಾಗಿ ಕೈಪಂಪು ತಗೊಂಡೆ. ಒಂದು ದಿನವೂ ಪಶ್ಚಾತ್ತಾಪ ಆಗಿಲ್ಲ.

ನನಗೆ ಹೆರಿಗೆ ರಜೆ 26 ವಾರ. ಹೆರಿಗೆಯ ಹಿಂದಿನ ವಾರದವರೆಗೂ ಕೆಲಸಕ್ಕೆ ಹೋಗಿದ್ದರಿಂದ ರಜೆ ಮುಗಿಯುವುದಕ್ಕೂ ಮಗುವಿಗೆ ಆರು ತಿಂಗಳು ತುಂಬುವುದಕ್ಕೂ ಸರಿಹೋಯಿತು. ಅಂದರೆ ರಾಗಿ ಸರಿ ಶುರುವಾದ ವಾರವೇ ನಾನು ಮಡಿಕೇರಿ ಬಸ್ ಹತ್ತಿದೆ. ಎರಡೂ ಒಟ್ಟಿಗೇ ಬಂದವು.

ಮೊದಲ ಮೂರು ವಾರ ಚೆನ್ನಾಗಿತ್ತು. ಆಫೀಸಿನಲ್ಲಿ ಹನ್ನೊಂದಕ್ಕೆ ಒಂದು ಸಲ, ಮೂರು ಗಂಟೆಗೆ ಒಂದು ಸಲ. ಪ್ರತಿ ಸಲ 80, 90 ಎಂಎಲ್ ಬರುತ್ತಿತ್ತು. ಆಮೇಲೆ ಒಂದು ದಿನ 60, ಮರುದಿನ 40. ಬಾಟಲಿ ಬೆಳಕಿಗೆ ಹಿಡಿದು ಗೆರೆ ನೋಡಿದಾಗ ಅಳು ಬಂತು. ಕೆಲಸದ ಟೆನ್ಷನ್‌ಗೆ ಹಾಲು ಬತ್ತಿದೆ, ಹೇಗೂ ಅನ್ನ ಶುರುವಾಗಿದೆಯಲ್ಲ ಬಿಡು, ಪುಡಿ ಹಾಲು ಕೊಡು ಅಂತ ಹೇಳಿದವರೇ ಎಲ್ಲರೂ.

ಎರಡು ಕಾರಣ ಸಿಕ್ಕವು. ಮೊದಲನೆಯದು ಪಂಪಿನದ್ದೇ. ಹಾಲು ಬಾಟಲಿಗೆ ಬೀಳುವ ಜಾಗದಲ್ಲಿ ಮೆತ್ತಗಿನ ಸಿಲಿಕಾನ್ ವಾಲ್ವ್ ಒಂದಿದೆ, ತುದಿ ಬಾತುಕೋಳಿ ಕೊಕ್ಕಿನ ಹಾಗೆ ಚಪ್ಪಟೆ. ಆ ಸೀಳು ಒಂದು ಕೂದಲೆಳೆಯಷ್ಟು ಹರಿದಿತ್ತು. ನೋಡಿದರೆ ಗೊತ್ತಾಗುವುದೇ ಇಲ್ಲ, ಎರಡು ಕಡೆಯಿಂದ ಮೆಲ್ಲಗೆ ಒತ್ತಿದರೆ ಸೀಳು ಒಂದು ಬದಿಗೆ ಜಾಸ್ತಿ ಬಾಯಿ ಬಿಡುತ್ತದೆ. ಅಷ್ಟು ಹರಿದರೂ ಎಳೆತ ಹೋಗಿಬಿಡುತ್ತದೆ. ಬ್ರಷ್ ಹಾಕಿ ತಿಕ್ಕಿದ್ದೇ ತಪ್ಪಾಗಿತ್ತು, ಅದನ್ನು ಬೆರಳಲ್ಲೇ ತೊಳೆಯಬೇಕು. ಕಂಪನಿಯವರು ಡಬ್ಬಿಯಲ್ಲಿ ಇನ್ನೊಂದು ವಾಲ್ವ್ ಇಡಬೇಕಿತ್ತು. ಬೇರೆ ತರಿಸಲು ಆರು ದಿನ ಹಿಡಿಯಿತು, ಹಾಲು ಕಡಿಮೆಯಾಗುತ್ತಿರುವ ತಾಯಿಗೆ ಆರು ದಿನ ಅಂದರೆ ಸಣ್ಣದಲ್ಲ.

ಎರಡನೆಯ ಕಾರಣ ಇನ್ನೂ ದೊಡ್ಡದು. ಮಡಿಕೇರಿಯಲ್ಲಿ ಒಬ್ಬರು ನರ್ಸ್ ನನ್ನನ್ನು ಕೂರಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. "ಬೆಳಿಗ್ಗೆ ಎದ್ದ ತಕ್ಷಣ ಮಗುವಿಗೆ ಮೊದಲು ಏನು ಕೊಡ್ತೀರಮ್ಮ?"

ರಾಗಿ ಸರಿ. ನಾನು ಏಳೂಕಾಲರ ಬಸ್ಸಿಗೆ ಓಡಬೇಕು ಅಂತ ಅತ್ತೆ ಪ್ರೀತಿಯಿಂದ ಆರೂವರೆಗೇ ಒಂದು ಬಟ್ಟಲು ಸರಿ ತಿನ್ನಿಸಿಬಿಡುತ್ತಿದ್ದರು. ಸಂಜೆ ನಾನು ಮನೆಗೆ ಬರುವ ಹೊತ್ತಿಗೆ ಅನ್ನದ ಗಂಜಿ ಆಗಿರುತ್ತಿತ್ತು. ಹೊಟ್ಟೆ ತುಂಬಿದ ಮಗು ಎದೆಗೆ ಹಾಕಿಕೊಂಡರೆ ನಾಲ್ಕು ಗುಟುಕು ಕುಡಿದು ಆಚೆ ಈಚೆ ನೋಡುತ್ತಿತ್ತು. ನನಗೆ ಗೊತ್ತಿಲ್ಲದ ಹಾಗೆ ದಿನಕ್ಕೆ ಎರಡು ಸಲದ ಹಾಲು ತಪ್ಪಿಹೋಗಿತ್ತು. ಎದೆಯಿಂದ ಎಷ್ಟು ಖಾಲಿಯಾಗುತ್ತದೋ ಅಷ್ಟೇ ಮತ್ತೆ ತುಂಬುತ್ತದೆ. ಒಳಗೇ ಉಳಿದ ಹಾಲು ಇನ್ನು ಸಾಕು ಅಂತ ದೇಹಕ್ಕೆ ಹೇಳುತ್ತದೆ.

ನರ್ಸ್ ಹೇಳಿದ್ದು ಇಷ್ಟು. ಮೊದಲು ಹಾಲು, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಊಟ. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಎರಡು ಮೂರು ಸಲ ಊಟ ಸಾಕು, ಅದೂ ಎರಡು ಮೂರು ಚಮಚದಿಂದ ಶುರು. ಒಂದು ವರ್ಷ ಆಗುವವರೆಗೆ ಮಗುವಿಗೆ ಬೇಕಾದ ಶಕ್ತಿಯಲ್ಲಿ ಅರ್ಧವೋ ಅದಕ್ಕಿಂತ ಹೆಚ್ಚೋ ಎದೆಹಾಲಿನಿಂದಲೇ ಬರುತ್ತದೆ. ರಾತ್ರಿ ಹಾಲು ಬಿಡಿಸಬೇಡಿ, ಹಾಲು ಉತ್ಪತ್ತಿಯ ಹಾರ್ಮೋನ್ ರಾತ್ರಿಯೇ ಜಾಸ್ತಿ. ಜೇನು ಒಂದು ವರ್ಷದವರೆಗೆ ನೆಕ್ಕಿಸಲೂ ಬೇಡಿ. ಈ ಕೊನೆಯ ಮಾತು ನಮ್ಮ ಕಡೆಯವರಿಗೆ ತುಂಬಾ ಮುಖ್ಯ ಅಲ್ವಾ, ತೋಟದಲ್ಲಿ ಜೇನುಪೆಟ್ಟಿಗೆ ಇರುವ ಮನೆಯಲ್ಲಿ ಸರಿಗೆ ಒಂದು ಹನಿ ಬೀಳುವುದು ಎಷ್ಟು ಸುಲಭ.

ಅತ್ತೆಗೆ ಹೇಳಲು ಹೆದರಿಕೆ ಇತ್ತು. ಅವರು ಮಾತ್ರ "ಅಷ್ಟೇ ತಾನೇ, ನೀನು ಹಾಲು ಕುಡಿಸಿ ಹೊರಡು, ನಾನು ಎಂಟು ಗಂಟೆಗೆ ಸರಿ ಕೊಡ್ತೀನಿ" ಅಂದರು. ಅವತ್ತಿನಿಂದ ಬೆಳಿಗ್ಗೆ ಮಗು ಕುಡಿದಾದ ಮೇಲೂ ಹತ್ತು ನಿಮಿಷ ಪಂಪ್ ಮಾಡಿದೆ. ಹೊಸ ವಾಲ್ವ್ ಬಂತು. ಒಂಬತ್ತು ದಿನಕ್ಕೆ ಮತ್ತೆ 80ರ ಗೆರೆ ಮುಟ್ಟಿತು.

ಬಳಸುವ ಬಗ್ಗೆ ಹೇಳುವುದಾದರೆ, ಮೊದಲು ಪುಟಪುಟ ಅಂತ ಬೇಗ ಬೇಗ ಒತ್ತಬೇಕು, ಹಾಲು ಇಳಿಯಲು ಶುರುವಾದ ಮೇಲೆ ನಿಧಾನವಾಗಿ ಉದ್ದಕ್ಕೆ. ಇನ್ನೊಂದು ಕೈಯಲ್ಲಿ ಎದೆಯನ್ನು ಮೆಲ್ಲಗೆ ಅದುಮುತ್ತಾ ಇದ್ದರೆ ಬೇಗ ಖಾಲಿಯಾಗುತ್ತದೆ. ಜುಲೈನ ಚಳಿಯಲ್ಲಿ ಹಾಲು ಇಳಿಯುವುದೇ ಇಲ್ಲ, ಬಿಸಿನೀರಲ್ಲಿ ಅದ್ದಿದ ಬಟ್ಟೆ ಎರಡು ನಿಮಿಷ ಇಟ್ಟುಕೊಂಡರೆ ಸರಿಯಾಗುತ್ತದೆ. ಇದರ ಜೊತೆ ಬರುವ ಫನೆಲ್, ಅಂದರೆ ಎದೆಗೆ ಇಟ್ಟುಕೊಳ್ಳುವ ಬಟ್ಟಲಿನಂಥ ಭಾಗ, 24 ಎಂಎಂನದ್ದು. ನನಗೆ ದೊಡ್ಡದಾಗಿ ನೋವಾಗುತ್ತಿತ್ತು, 21ರ ಒಳಬಳೆ ಹಾಕಿದ ಮೇಲೆ ನೋವು ಹೋಯಿತು. ನೋವಾದರೆ ಸಹಿಸಿಕೊಂಡು ಕೂರಬೇಡಿ, ಅಳತೆ ಬದಲಾಯಿಸಿ. ಕೈಗೆ ಆಯಾಸ ಆಗುವುದು ಮಾತ್ರ ನಿಜ. ದಿನಕ್ಕೆ ಐದಾರು ಸಲ ಪಂಪ್ ಮಾಡಬೇಕಾದವರಿಗೆ ಇದು ಆಗದು.

ಹಿಂಡಿದ ಹಾಲು ಹೊರಗೆ ನಾಲ್ಕು ಗಂಟೆ ಇರುತ್ತದೆ, ಫ್ರಿಜ್‌ನಲ್ಲಿ ನಾಲ್ಕು ದಿನ. ಕರೆಂಟ್ ನಂಬುವ ಹಾಗಿಲ್ಲದ್ದರಿಂದ ನಾನು ಕೂಡಿಡುವುದಿಲ್ಲ. ಐಸ್ ಪ್ಯಾಕ್ ಇಟ್ಟ ಬ್ಯಾಗಿನಲ್ಲಿ ಮನೆಗೆ ತರುತ್ತೇನೆ, ಮರುದಿನ ಮಗುವಿಗೆ ಲೋಟ ಚಮಚದಲ್ಲಿ ಕುಡಿಸುತ್ತಾರೆ. ಸ್ವಲ್ಪ ಹಾಲನ್ನು ಆರಿದ ಸರಿಗೂ ಬೆರೆಸುತ್ತಾರೆ. ಬೆರೆಸಿದ ತಕ್ಷಣ ತಿನ್ನಿಸಬೇಕು, ಬಿಟ್ಟರೆ ಗಟ್ಟಿ ಸರಿ ನೀರಾಗಿಬಿಡುತ್ತದೆ. ಹಾಳಾಗಿದೆ ಅಂತ ಅತ್ತೆ ಒಂದು ದಿನ ಚೆಲ್ಲಿದ್ದರು. ಹಾಳಾಗಿರಲಿಲ್ಲ, ಎದೆಹಾಲಿನಲ್ಲಿ ಗಂಜಿಯನ್ನು ಕರಗಿಸುವ ಕಿಣ್ವ ಇದೆ.

ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ವಿಷಯ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಇದೆ. ನಾನು ಕೇಳಿ ತಗೊಂಡೆ. ಹಳೇ ಫೈಲ್ ಇಡುವ ಕೋಣೆಗೆ ಒಂದು ಚಿಲಕ ಹಾಕಿಸಿಕೊಟ್ಟರು.

ಮನೆಯಲ್ಲೇ ಇರುವವರು ಇದಕ್ಕೆ ದುಡ್ಡು ಹಾಕಬೇಕಾಗಿಲ್ಲ. ಮಗು ಎಳೆದಷ್ಟು ಚೆನ್ನಾಗಿ ಯಾವ ಪಂಪೂ ಎಳೆಯುವುದಿಲ್ಲ, ಊಟಕ್ಕೆ ಮೊದಲು ಎದೆಗೆ ಹಾಕಿಕೊಂಡರೆ ಆಯಿತು. ಬಸ್ ಹತ್ತಿ ಹೋಗುವವರು ಧೈರ್ಯವಾಗಿ ತಗೊಳ್ಳಿ, ಪಂಪಿನ ಜೊತೆಗೇ ಎರಡು ವಾಲ್ವ್ ಕೂಡ ಆರ್ಡರ್ ಮಾಡಿ. ನನ್ನ ಮಗುವಿಗೆ ಈಗ ಹತ್ತು ತಿಂಗಳು. ಮೂರು ಹೊತ್ತು ಊಟ ಮಾಡುತ್ತದೆ, ಸಂಜೆ ಬಾಗಿಲಲ್ಲಿ ನನ್ನ ಕೊಡೆ ಮಡಚುವ ಸದ್ದು ಕೇಳಿದರೆ ಹಾಲಿಗೆ ಅಂತ ಅಂಬೆಗಾಲಿಟ್ಟು ಬರುತ್ತದೆ.