ಎ.ಸಿ. ಕೂಡಿಸುವ ಮೊದಲು ಸಾಕೆಟ್ ಬಿಚ್ಚಿಸಿ ನೋಡ್ರಿ

ಹೋದ ಏಪ್ರಿಲ್‌ನಲ್ಲಿ ನಮ್ಮವ್ವನ ಜೀವ ಹೋಗುತ್ತಿತ್ತು. ಕಾಲಲ್ಲಿ ಹವಾಯಿ ಚಪ್ಪಲಿ ಇದ್ದವು, ಉಳಿದಳು.

ಕಲಬುರಗಿ ಬಿಸಿಲು ಗೊತ್ತೇ ಇದೆ. ನನಗೆ ರಾತ್ರಿ ಪಾಳಿ. ಹಗಲು ಮಲಗಲು ಕೂಲರ್ ಸಾಲದೆ ಕಂತಿನ ಮೇಲೆ ಒಂದೂವರೆ ಟನ್ನಿನ ಎ.ಸಿ. ತಂದೆ. ಅಂಗಡಿಯವರು ಕಳಿಸಿದ ಹುಡುಗ ಒಂದೇ ತಾಸಿನಲ್ಲಿ ಕೆಲಸ ಮುಗಿಸಿದ. ಮಾಳಿಗೆ ಮೇಲಿನ ಔಟ್‌ಡೋರ್ ಯೂನಿಟ್‌ಗೆ ವೈರ್ ಒಂದು ಮೊಳ ಕಡಿಮೆ ಬಿತ್ತು. "ಚಿಂತಿ ಮಾಡಬ್ಯಾಡ್ರಿ ಅಣ್ಣಾರ, ಜಾಯಿಂಟ್ ಹಾಕ್ತೀನಿ" ಅಂದವನೇ ವೈರ್ ತಿರುವಿ, ಕರಿ ಟೇಪ್ ಸುತ್ತಿ, ಯೂನಿಟ್ ಹಿಂದೆ ತುರುಕಿದ. ನಾನು ಚಹಾ ಕುಡಿಸಿ ಕಳಿಸಿದೆ.

ಎರಡು ವಾರ ಚೆನ್ನಾಗಿಯೇ ಓಡಿತು. ಒಂದು ದಿನ ಹನ್ನೊಂದರ ಸುಮಾರಿಗೆ ಅವ್ವ ಬಟ್ಟೆ ಒಣಹಾಕಲು ಮೇಲೆ ಹೋಗಿದ್ದಾಳೆ. ನಾನು ಕೆಳಗೆ ಎ.ಸಿ. ಹಾಕಿಕೊಂಡು ನಿದ್ದೆಯಲ್ಲಿದ್ದೆ. ನೀರು ಸೋರುವ ಟವೆಲ್ಲನ್ನು ಯೂನಿಟ್ ಮೇಲೆ ಹರವಿ, ಸುಕ್ಕು ಸರಿಮಾಡಲು ಕೈ ಒತ್ತಿದ್ದೇ ತಡ, ಜಾಡಿಸಿ ಒಗೆದಂತೆ ಹಿಂದಕ್ಕೆ ಬಿದ್ದಳು. ಫರ್ಸಿ ಕಾದು ಸುಡುತ್ತದೆಂದು ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದಳು, ಅಷ್ಟೇ. ಮೊಣಕೈ ಒಡೆದಿತ್ತು. ಅರ್ಧ ತಾಸು ಮಾತೇ ಇಲ್ಲ.

ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಮಾಮಾ ಬಂದು ಟೇಪ್ ತೋರಿಸಿದರು. ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಂಡಿತ್ತು, ಯೂನಿಟ್ಟಿನ ನಡುಕಕ್ಕೆ ತಾಮ್ರದ ಎಳೆ ಸರಿದು ಪತ್ರಾಕ್ಕೆ ತಾಗಿತ್ತು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥಿಂಗ್ ಇದ್ದಿದ್ದರೆ, ತಾಗಿದ ಕ್ಷಣವೇ ಎಂ.ಸಿ.ಬಿ. (ಕರೆಂಟ್ ಹೆಚ್ಚಾದರೆ ತಾನೇ ಆಫ್ ಆಗುವ ಬೋರ್ಡಿನ ಸ್ವಿಚ್) ಬೀಳಬೇಕಿತ್ತಂತೆ.

"ಅರ್ಥಿಂಗ್ ಎಲ್ಲದ ತಮ್ಮಾ?"

"ಮೂರು ತೂತಿನ ಸಾಕೆಟ್ ಅದಲ್ಲ ಮಾಮಾ?"

ಅವರು ಸಾಕೆಟ್ ಬಿಚ್ಚಿದರು. ಮೇಲಿನ ದಪ್ಪ ತೂತಿನ ಹಿಂದೆ ಏನೂ ಇಲ್ಲ, ಬರೀ ಜೇಡರ ಬಲೆ. ಆ ಕೋಣೆ ಆಮೇಲೆ ಕಟ್ಟಿಸಿದ್ದು, ಅರ್ಥಿಂಗಿನ ಹಸಿರು ವೈರನ್ನೇ ಯಾರೂ ಎಳೆದಿರಲಿಲ್ಲ. ಎ.ಸಿ. ಕೂಡಿಸಿದವನು ನೋಡಿಯೂ ಸುಮ್ಮನಾದನೋ, ನೋಡಲೇ ಇಲ್ಲವೋ.

ಎಂ.ಸಿ.ಬಿ. ಇದೆಯೆಂದು ನನ್ನ ಹಾಗೆ ನಿಶ್ಚಿಂತೆಯಿಂದ ಇರಬೇಡಿ. 16 ಆಂಪಿಯರ್‌ನ ಎಂ.ಸಿ.ಬಿ. ಅದಕ್ಕಿಂತ ಹೆಚ್ಚು ಕರೆಂಟ್ ಎಳೆದರೆ ಬೀಳುವಂಥದ್ದು. ಮನುಷ್ಯನ ಮೈಯಲ್ಲಿ ಅದರ ನೂರರಲ್ಲೊಂದು ಪಾಲು ಹರಿದರೂ ಜೀವ ಹೋಗಬಹುದು. ಅದನ್ನು ಹಿಡಿಯಲು 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ., ಅಂದರೆ ಸ್ವಲ್ಪ ಕರೆಂಟ್ ಸೋರಿದರೂ ಬೀಳುವ ಸ್ವಿಚ್, ಬೇರೆಯೇ ಬೇಕು. ಈಗ ಅದನ್ನು ಹಾಕಿಸಿದ್ದೇನೆ. ಎ.ಸಿ.ಗೆಂದೇ ಬೋರ್ಡಿನಿಂದ 4 ಸ್ಕ್ವೇರ್ ಎಂ.ಎಂ. ತಾಮ್ರದ ವೈರ್, ಹೊರಗೆ ಜಾಯಿಂಟ್ ಇಲ್ಲದ ಒಂದೇ ತುಂಡಿನ ಕೇಬಲ್, ಅಂಗಳದಲ್ಲಿ ಹೊಸ ಅರ್ಥಿಂಗ್ ಗುಂಡಿ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅರ್ಥಿಂಗ್ ಸೊರಗುತ್ತದೆ, ಆಗಾಗ ಒಂದು ಕೊಡ ನೀರು ಹಾಕು ಅಂದಿದ್ದಾರೆ ಮಾಮಾ. ಆ ಕೆಲಸ ಅವ್ವನೇ ವಹಿಸಿಕೊಂಡಿದ್ದಾಳೆ, ನನ್ನ ಮೇಲೆ ನಂಬಿಕೆ ಇಲ್ಲ.

ಇನ್ನೊಂದು ಮಾತು. ಎ.ಸಿ. ಕೂಡಿಸುವಾಗ ಅದರ ಗ್ಯಾಸ್ ಪೈಪಿನೊಳಗಿನ ಗಾಳಿ ತೆಗೆಯಲು ವ್ಯಾಕ್ಯೂಮ್ ಪಂಪ್ ಹಚ್ಚಬೇಕು. ಆ ಹುಡುಗ ಗ್ಯಾಸನ್ನೇ ಬುಸ್ ಎಂದು ಹೊರಗೆ ಬಿಟ್ಟು ಮುಗಿಸಿದ್ದ, ತುಟಿಯಲ್ಲಿ ಬೀಡಿ. ನಮ್ಮದರಲ್ಲಿರುವುದು ಆರ್-32, ಬೆಂಕಿ ಹತ್ತುವ ಗ್ಯಾಸು. ಪಂಪ್ ತರದೆ ಬಂದವರನ್ನು ಬಾಗಿಲಿಂದಲೇ ಹೊರಳಿ ಕಳಿಸಿ.

ಎದುರು ಮನೆಗೂ ಅದೇ ಹುಡುಗ ಎ.ಸಿ. ಕೂಡಿಸಿದ್ದ. ಮರುದಿನ ಮಾಮಾನನ್ನು ಕರೆದೊಯ್ದು ಅಲ್ಲಿನ ಸಾಕೆಟ್ ಬಿಚ್ಚಿಸಿದೆವು. ಅಲ್ಲೂ ಹಸಿರು ವೈರ್ ಇರಲಿಲ್ಲ.