ಹಲ್ಲಿನ ಕ್ಲಿಪ್ ತೆಗೆಸಿ ಮೂರು ವರ್ಷ: ಈಗ ಹೇಗಿದೆ?

ಕ್ಲಿಪ್ ಹಾಕಿಸಿದ ಹೊಸದರಲ್ಲಿ ವಿಮರ್ಶೆ ಬರೆಯುವವರು ಬೇಕಾದಷ್ಟಿದ್ದಾರೆ. ತೆಗೆಸಿ ವರ್ಷಗಳಾದ ಮೇಲೆ ಹಲ್ಲು ಎಲ್ಲಿ ನಿಂತಿದೆ ಅಂತ ಬರೆಯುವವರು ಕಡಿಮೆ, ಅದಕ್ಕೇ ಇದು. ನನ್ನ ಹಲ್ಲು ನಿಂತಲ್ಲೇ ನಿಂತಿವೆ, ಮುಖ್ಯವಾಗಿ ರಿಟೇನರ್ ದೆಸೆಯಿಂದ, ಅಂದರೆ ಕ್ಲಿಪ್ ತೆಗೆದ ಮೇಲೆ ಹಲ್ಲು ಸರಿಯದಂತೆ ಹಿಡಿದಿಡುವ ಸಾಧನ.

ನನ್ನದು ಕೋರೆಹಲ್ಲು ಮೇಲೆ ಹತ್ತಿಕೊಂಡಿದ್ದ ಕೇಸು. ಕೆಳಗಿನ ಮುಂದಿನ ಹಲ್ಲುಗಳು ಎಷ್ಟು ಇಕ್ಕಟ್ಟು ಅಂದರೆ ಬ್ರಷ್ ಹೋಗದ ಸಂದಿಯಲ್ಲಿ ಪಾಚಿ ಗಟ್ಟಿಯಾಗಿ ಒಸಡಿನಲ್ಲಿ ರಕ್ತ ಬರುತ್ತಿತ್ತು. ಚಂದಕ್ಕಿಂತ ಜಾಸ್ತಿ ಅದಕ್ಕೇ ಹೋಗಿದ್ದು. ಹೋಗಿದ್ದು ಡೆಂಟಲ್ ಕಾಲೇಜಿಗೆ. ಖರ್ಚು ಕಡಿಮೆ, ಕಾಯುವುದು ಜಾಸ್ತಿ. ನೋಡುವವರು ಎಂಡಿಎಸ್ (ಹಲ್ಲಿನ ವೈದ್ಯರ ಸ್ನಾತಕೋತ್ತರ ಕೋರ್ಸು) ಓದುತ್ತಿರುವ ಡಾಕ್ಟರು, ಪ್ರೊಫೆಸರ್ ಬಂದು ನೋಡಿ ಹೂಂ ಅಂದ ಮೇಲೇ ಮುಂದಿನ ಕೆಲಸ. ಆ ಕೋರ್ಸು ಮೂರು ವರ್ಷದ್ದು, ಹಾಗಾಗಿ ನಿಮ್ಮ ಡಾಕ್ಟರು ನಡುವೆಯೇ ಓದು ಮುಗಿಸಿ ಹೊರಟು, ಹೊಸಬರಿಗೆ ಮತ್ತೆ ಮೊದಲಿಂದ ಕಥೆ ಹೇಳಬೇಕಾಗಬಹುದು. ನನಗೆ ಹಾಗೇ ಆಯ್ತು.

ಜಾಗ ಮಾಡಲು ಕೋರೆಹಲ್ಲಿನ ಹಿಂದಿನವು, ಮೇಲೆ ಎರಡು ಕೆಳಗೆ ಎರಡು, ಕೀಳಿಸಬೇಕಾಯಿತು. ಎಲ್ಲರಿಗೂ ಇದು ಬೇಕಾಗುವುದಿಲ್ಲ. "ಹುಳುಕೇ ಇಲ್ಲದ ಹಲ್ಲು ಯಾಕೋ ಕೀಳಿಸ್ತೀಯ?" ಅಂತ ಅಮ್ಮ ವಾರಗಟ್ಟಲೆ ಗೊಣಗಿದರು.

ತಂತಿ ಬಿಗಿ ಮಾಡಿಸಿಕೊಂಡು ಬಂದ ಎರಡು ದಿನ ಚಪಾತಿ ಕೂಡ ಕಷ್ಟ. ಅಗಿಯೋದೇ ಬೇಡದ ರಾಗಿ ಮುದ್ದೆಗೆ ಆಗ ಸಾಟಿ ಇಲ್ಲ, ಸೊಪ್ಪಿನ ಸಾರಲ್ಲಿ ಅದ್ದಿ ನುಂಗಿದರೆ ಆಯ್ತು. ಕೋಡುಬಳೆ, ಕಬ್ಬು, ಕೊಬ್ಬರಿ ಚೂರು ಬೇಡವೇ ಬೇಡ, ಬ್ರಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಚಿಕ್ಕ ತುಣುಕು) ಕಿತ್ತು ಬರುತ್ತದೆ. ಮೇಲೆ ಸೆರಾಮಿಕ್, ಕೆಳಗೆ ಮೆಟಲ್ ಹಾಕಿಸಿದ್ದೆ. ಸೆರಾಮಿಕ್ ಕಲೆಯಾಗಲಿಲ್ಲ, ಆದರೆ ಅದಕ್ಕೆ ಸುತ್ತುವ ಪುಟಾಣಿ ರಬ್ಬರ್ ರಿಂಗ್ ಇದೆಯಲ್ಲ, ಅದು ನಮ್ಮ ಮನೆ ಸಾರಿನ ಅರಿಶಿನಕ್ಕೆ ಹಳದಿ ಆಗಿ ಮುಂದಿನ ಭೇಟಿಯವರೆಗೂ ಹಾಗೇ ಇರುತ್ತಿತ್ತು. ಕಾಣಬಾರದು ಅಂತ ಜಾಸ್ತಿ ದುಡ್ಡು ಕೊಟ್ಟು ಅದೇ ಎದ್ದು ಕಂಡರೆ ಏನು ಬಂತು? ಮೆಟಲ್ ಸಾಕು. ಹಿಂದಿನ ತಂತಿ ತುದಿ ಕೆನ್ನೆಗೆ ಚುಚ್ಚುತ್ತಿದ್ದರೆ ಕ್ಲಿಪ್‌ಗೆಂದೇ ಸಿಗುವ ಮೇಣವನ್ನು ಬೆರಳಲ್ಲಿ ಉಂಡೆ ಮಾಡಿ ಒಣಗಿದ ಬ್ರಾಕೆಟ್ ಮೇಲೆ ಒತ್ತಿ, ಒದ್ದೆ ಇದ್ದರೆ ಅಂಟುವುದಿಲ್ಲ. ಸಂದಿಗೆ ಹೋಗುವ ಚಿಕ್ಕ ಬ್ರಷ್ ತಪ್ಪದೆ ಬಳಸಿ. ಇಲ್ಲದಿದ್ದರೆ ಕ್ಲಿಪ್ ತೆಗೆದಾಗ ಅದರ ಸುತ್ತ ಬಿಳಿ ಕಲೆ ಉಳಿದಿರುತ್ತದೆ.

ಅಲೈನರ್ (ತಂತಿಯ ಬದಲು ಹಲ್ಲಿಗೆ ಹಾಕಿ ತೆಗೆಯುವ ಪಾರದರ್ಶಕ ಕವಚ) ಬಗ್ಗೆ ಕೇಳುವವರಿಗೆ: ದಿನಕ್ಕೆ 20-22 ಗಂಟೆ ಬಾಯಲ್ಲೇ ಇರಬೇಕು, ಕಾಫಿ ಕುಡಿಯುವಾಗ ತೆಗೆಯಬೇಕು. ಗಂಟೆಗೊಂದು ಕಾಫಿ ಕುಡಿಯುವ ನನ್ನಂಥವರಿಗೆ ಅಲ್ಲ.

ಇನ್ನು ರಿಟೇನರ್. ಹಲ್ಲು ಸರಿಯುವುದು ಅಂದರೆ ಒತ್ತಿದ ಕಡೆ ಮೂಳೆ ಕರಗಿ, ಇನ್ನೊಂದು ಕಡೆ ಹೊಸದು ಕಟ್ಟಿಕೊಳ್ಳುವುದು. ಕ್ಲಿಪ್ ತೆಗೆದ ದಿನ ಅದೆಲ್ಲ ಇನ್ನೂ ಹಸಿ, ಒಸಡಿನ ನಾರು ಹಲ್ಲನ್ನು ಹಳೇ ಜಾಗಕ್ಕೆ ಎಳೆಯುತ್ತಿರುತ್ತದೆ. ಕೆಳಗಡೆ ಹಲ್ಲಿನ ಹಿಂದೆ ಸಣ್ಣ ತಂತಿ ಅಂಟಿಸಿದ್ದಾರೆ, ಮೇಲಕ್ಕೆ ಪಾರದರ್ಶಕ ರಿಟೇನರ್, ಈಗಲೂ ರಾತ್ರಿ ಹಾಕುತ್ತೇನೆ. ಬಿಸಿನೀರಲ್ಲಿ ತೊಳೆಯಬೇಡಿ, ಸೊಟ್ಟ ಆಗುತ್ತದೆ. ಸವೆದು ಬಿರುಕು ಬಿಟ್ಟಾಗ ಹೊಸದು ಮಾಡಿಸಬೇಕು, ಆ ಖರ್ಚು ಶುರುವಿನಲ್ಲಿ ಹೇಳಿದ ಮೊತ್ತದಲ್ಲಿ ಸೇರಿರಲಿಲ್ಲ. ಅಡ್ವಾನ್ಸ್ ಕಟ್ಟುವ ಮೊದಲೇ ರಿಟೇನರ್ ಸೇರಿದೆಯಾ, ಮುರಿದರೆ ಎಷ್ಟು ಅಂತ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ.