ಬಿಲ್ಲಿಂಗ್ ಕೌಂಟರ್‌ಗೆ ಬ್ರೌಸರ್ ಸಾಕಾ? ಎರಡನ್ನೂ ಬಳಸಿ ನೋಡಿದ ಮೇಲೆ

ಎಫ್5 ವಿಷಯ ಮೊದಲು ಹೇಳಿಬಿಡುತ್ತೇನೆ. ಕಂಪ್ಯೂಟರಿಗೇ ಹಾಕಿಕೊಂಡು ಬಳಸುವ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಎಫ್5 ಒತ್ತಿದರೆ ಪೇಮೆಂಟ್ ವೋಚರ್, ಅಂದರೆ ದುಡ್ಡು ಕೊಟ್ಟದ್ದನ್ನು ಬರೆಯುವ ಪರದೆ ಬರುತ್ತದೆ. ಬ್ರೌಸರಿನಲ್ಲಿ ಅದೇ ಕೀ ಒತ್ತಿದರೆ ಪೇಜು ರಿಫ್ರೆಶ್ ಆಗುತ್ತದೆ. ಅರ್ಧ ಹೊಡೆದಿದ್ದ ಬಿಲ್ಲು ಅಲ್ಲಿಗೆ ಢಮಾರ್.

ದಾವಣಗೆರೆಯಲ್ಲಿ ನಮ್ಮದು ಪೈಪು, ಫಿಟಿಂಗ್ಸ್ ಅಂಗಡಿ. ಅಪ್ಪನ ಕಾಲದಿಂದ ಟ್ಯಾಲಿಯಲ್ಲೇ ಲೆಕ್ಕ. "ಅಣ್ಣಾ, ಈಗ ಎಲ್ಲಾ ಆನ್‌ಲೈನು, ಇದನ್ನ ಇನ್ನೂ ಯಾಕೆ ಇಟ್ಕೊಂಡಿದೀಯ" ಅಂತ ತಮ್ಮ ಹಟ ಹಿಡಿದ. ಸರಿ, ಬ್ರೌಸರಿನಲ್ಲೇ ನಡೆಯುವ ಒಂದು ಬಿಲ್ಲಿಂಗ್ ಸಾಫ್ಟ್‌ವೇರಿಗೆ ವರ್ಷದ ಚಂದಾ ಕಟ್ಟಿದೆವು. ಅದರ ಹೆಸರು ಬೇಡ. ಫೀಚರ್ ಪಟ್ಟಿಯನ್ನೂ ಇಲ್ಲಿ ಬರೆಯುವುದಿಲ್ಲ, ಎಲ್ಲ ಕಡೆ ಸಿಗುತ್ತದೆ.

ನಮ್ಮ ಕೌಂಟರಿನಲ್ಲಿ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ ಪ್ಲಂಬರ್‌ಗಳದೇ ರಾಜ್ಯ. ಮುಕ್ಕಾಲಿಂಚು ಎಲ್ಬೋ ಇಪ್ಪತ್ತು, ಟೀ ಹತ್ತು, ಎಂಟಿಎ ಆರು, ಸಾಲ್ವೆಂಟ್ ಒಂದು, ಟೆಫ್ಲಾನ್ ಟೇಪ್ ಐದು. ಅವನು ಬಾಯಲ್ಲಿ ಹೇಳುತ್ತಾನೆ, ನಾನು ಅವನ ಮುಖ ನೋಡಿಕೊಂಡೇ ಹೊಡೆಯುತ್ತೇನೆ. ಟ್ಯಾಲಿಯಲ್ಲಿ ಎಫ್8 ಒತ್ತಿದರೆ ಮಾರಾಟದ ಬಿಲ್ಲು, ಪಾರ್ಟಿ ಹೆಸರಿನ ಮೂರಕ್ಷರ, ಎಂಟರ್, ಎಂಟರ್. ಹೊಸ ಐಟಂ ಬಂದರೆ ಆಲ್ಟ್ ಸಿ, ಅಲ್ಲೇ ಸೇರಿಸಿ ಮುಂದಕ್ಕೆ. ಕೊನೆಗೆ ಕಂಟ್ರೋಲ್ ಎ, ಬಿಲ್ಲು ಸೇವ್. ಅಷ್ಟರಲ್ಲಿ ಹುಡುಗ ಸಾಮಾನು ಚೀಲಕ್ಕೆ ತುಂಬಿರುತ್ತಾನೆ.

ಬ್ರೌಸರಿನ ಹೊಸ ಸಾಫ್ಟ್‌ವೇರಿನಲ್ಲಿ ಕಂಟ್ರೋಲ್ ಎ ಒತ್ತಿದರೆ ಎಲ್ಲಾ ಸೆಲೆಕ್ಟ್ ಆಗಿ ಪರದೆ ಪೂರ್ತಿ ನೀಲಿ! ಹೊಸ ಐಟಂ ಸೇರಿಸೋಕೆ ಬೇರೆ ಟ್ಯಾಬ್. ಪ್ರತಿ ಸಾಲಿಗೂ ಕೈ ಮೌಸಿಗೆ ಹೋಗಬೇಕು. ಪ್ರಿಂಟ್ ಅಂದರೆ ಪ್ರಿವ್ಯೂ ಕಿಟಕಿ ಬರುತ್ತದೆ, ಅಲ್ಲಿ ಪ್ರಿಂಟರ್ ಆರಿಸಿ ಇನ್ನೊಂದು ಕ್ಲಿಕ್. ಬಿಲ್ಲಿನ ತಲೆಯ ಮೇಲೆ ತಾರೀಖು, ಕೆಳಗೆ ಉದ್ದದ ವೆಬ್ ವಿಳಾಸ ಬೇರೆ. "ಆಟೋ ನಿಂತದೆ ಅಣ್ಣಾ" ಅಂತ ಪ್ಲಂಬರ್ ಗೊಣಗುತ್ತಿರುತ್ತಾನೆ. ಬೀದಿಯಲ್ಲಿ ಜೆಸಿಬಿ ಅಗೆದು ಕೇಬಲ್ ಹೋಯಿತೋ, ಫೋನಿನ ಹಾಟ್‌ಸ್ಪಾಟೇ ಗತಿ. ಅದೂ ಕೈಕೊಟ್ಟರೆ ಕಾರ್ಬನ್ ಹಾಳೆ ಹಾಕಿ ಕೈಬಿಲ್ಲು.

ಟ್ಯಾಲಿ ಹುಟ್ಟಿದ್ದೇ ಇಂಥ ವ್ಯಾಪಾರದ ಕೋಣೆಯಲ್ಲಿ. ಬೆಂಗಳೂರಿನಲ್ಲಿ ಬಟ್ಟೆ ಮಿಲ್ಲುಗಳಿಗೆ ಬಿಡಿಭಾಗ ಮಾರುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರ ಲೆಕ್ಕಕ್ಕೆಂದು ಮಗ ಭರತ್ ಬರೆದ ಪ್ರೋಗ್ರಾಂ ಅದು. ಕಂಪನಿ ಶುರುವಾದದ್ದು 1986ರಲ್ಲಿ. (ಒಂದು ಕಾಲಕ್ಕೆ ನಮ್ಮೂರೂ ಮಿಲ್ಲುಗಳ ಊರೇ, ಅದು ಬೇರೆ ಮಾತು.) ಡಾಸ್ ಕಾಲ, ಎಲ್ಲಾ ಕೀಬೋರ್ಡಿನಲ್ಲೇ ಆಗಬೇಕಿತ್ತು. ಆ ಗುಣ ಇನ್ನೂ ಹೋಗಿಲ್ಲ.

ಬೈದಿದ್ದು ಸಾಕು. ಪ್ರಿಂಟ್ ಕಾಟ ಆಮೇಲೆ ತಪ್ಪಿತು. ಕ್ರೋಮ್ ಶಾರ್ಟ್‌ಕಟ್ಟಿಗೆ ಕಿಯೋಸ್ಕ್ ಪ್ರಿಂಟಿಂಗ್ ಅಂತ ಒಂದು ಸೂಚನೆ ಸೇರಿಸಿದರೆ ಪ್ರಿವ್ಯೂ ಕೇಳದೆ ನೇರ ಪ್ರಿಂಟ್ ಹೋಗುತ್ತದೆ. ಎಫ್5 ಅನ್ನೂ ಸಾಫ್ಟ್‌ವೇರ್ ಬರೆದವರು ಮನಸ್ಸು ಮಾಡಿದರೆ ತಡೆಯಬಹುದು. ಕಂಟ್ರೋಲ್ ಡಬ್ಲ್ಯೂ ಮಾತ್ರ ಆಗಲ್ಲ. ಮಾಮೂಲಿ ಟ್ಯಾಬಿನಲ್ಲಿ ಕ್ರೋಮ್ ಅದನ್ನು ಬಿಟ್ಟುಕೊಡುವುದಿಲ್ಲ, ಒತ್ತಿದರೆ ಟ್ಯಾಬ್ ಮುಚ್ಚುತ್ತದೆ.

ನಿಜಕ್ಕೂ ಖುಷಿ ಕೊಟ್ಟದ್ದು ಉದ್ರಿ ಲೆಕ್ಕ. ಹರಿಹರದ ಸೈಟಿನಲ್ಲಿ ಕಂಟ್ರಾಕ್ಟರ್ ಸಿಕ್ಕಿ "ನಂದೆಷ್ಟು ಬಾಕಿ ಐತಪ್ಪ" ಅಂದರೆ, ಮೊದಲು ಅಂಗಡಿಗೆ ಫೋನ್ ಮಾಡಬೇಕಿತ್ತು. ಈಗ ಜೇಬಿನಿಂದ ಫೋನ್ ತೆಗೆದು ಬಿಲ್ ಸಮೇತ ತೋರಿಸಿದೆ. ಅವನು ಅಲ್ಲೇ ನಿಂತು ಅರ್ಧ ದುಡ್ಡು ಕಳಿಸಿದ! ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ರಿಟರ್ನ್) ಹಾಕುವ ಮುಂಚೆ ಆಡಿಟರ್ ತಮ್ಮ ಆಫೀಸಿನಲ್ಲೇ ಕೂತು ಎಂಟ್ರಿ ನೋಡಿಕೊಂಡರು. ಪೆನ್‌ಡ್ರೈವ್ ಹಿಡಿದು ಓಡುವ ಕೆಲಸ ತಪ್ಪಿತು.

ಆದರೂ ಕೌಂಟರಿಗೆ ಮತ್ತೆ ಟ್ಯಾಲಿಯೇ ಬಂದಿದೆ. ಟ್ಯಾಲಿಯ ಈಗಿನ ಆವೃತ್ತಿಯಾದ ಟ್ಯಾಲಿಪ್ರೈಮ್‌ನ ರಿಪೋರ್ಟುಗಳನ್ನು ಬ್ರೌಸರಿನಲ್ಲಿ ನೋಡುವ ಸೌಲಭ್ಯ ಇದೆ. ಅದರ ಚಂದಾ ಚಾಲ್ತಿಯಲ್ಲಿರಬೇಕು, ಅಂಗಡಿಯ ಕಂಪ್ಯೂಟರ್ ಆನ್ ಇದ್ದು ಇಂಟರ್‌ನೆಟ್ಟಿಗೆ ಕನೆಕ್ಟ್ ಆಗಿರಬೇಕು. ಬಾಕಿ, ಸ್ಟಾಕ್ ಎರಡೂ ಸೈಟಿನಲ್ಲಿ ನಿಂತು ನೋಡಿದರೆ ನಮಗೆ ಸಾಕು. ಎರಡು ಚಂದಾ ಕಟ್ಟುವಷ್ಟು ಲಾಭ ಪೈಪಿನಲ್ಲಿಲ್ಲ.

ವರ್ಷದ ವಹಿವಾಟು 5 ಕೋಟಿ ದಾಟಿದವರ ಲೆಕ್ಕ ಬೇರೆ. 2023ರ ಆಗಸ್ಟ್‌ನಿಂದ ಅವರಿಗೂ ಇ-ಇನ್‌ವಾಯ್ಸ್ ಕಡ್ಡಾಯ. ಜಿಎಸ್‌ಟಿ ನಂಬರ್ ಇರುವ ಗಿರಾಕಿಗೆ ಬಿಲ್ ಕೊಡಲು ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್‌ನಿಂದ ಆ ಬಿಲ್ಲಿಗೊಂದು ನಂಬರ್ ಬರಬೇಕು, ಅಂದರೆ ನೆಟ್ ಹೇಗೂ ಬೇಕು. ಮೂರ್ನಾಲ್ಕು ಬ್ರಾಂಚ್ ಇದ್ದು, ದಿನಕ್ಕೆ ಹತ್ತಿಪ್ಪತ್ತು ದೊಡ್ಡ ಬಿಲ್ಲು ಮಾಡುವವರು ಕಣ್ಣುಮುಚ್ಚಿ ಬ್ರೌಸರಿನದ್ದು ತಗೊಳ್ಳಿ.

ಕೌಂಟರ್ ವ್ಯಾಪಾರದವರು ಮಾತ್ರ ಡೆಮೊ ಕೊಡಲು ಬಂದವರ ಮುಂದಿನ ಮೌಸ್ ತೆಗೆದು ಬದಿಗಿಡಿ. ಹತ್ತು ಐಟಂನ ಬಿಲ್ಲು, ನಡುವೆ ಒಂದು ಹೊಸ ಐಟಂ, ಪ್ರಿಂಟ್ ಬರೋತನಕ ಬರೀ ಕೀಬೋರ್ಡಿನಲ್ಲಿ ಮಾಡಿ ತೋರಿಸಲಿ. ಆಮೇಲೆ ವೈಫೈ ಆಫ್ ಮಾಡಿ ಇನ್ನೊಂದು ಬಿಲ್ ಕೇಳಿ.